ಕೆಂಧೂಳು, ಕಲ್ಲುಪುಡಿ: ಎದೆಗೂಡಿನಲ್ಲಿ ಎಷ್ಟು ಕೂರುತ್ತದೆ? ಲೆಕ್ಕ ಹಾಕುವ ಬಗೆ

ಸಂಡೂರಿನ ಅದಿರು ರಸ್ತೆಯಲ್ಲಿ ರೆಪ್ಪೆಗೆ ಮೆತ್ತುವ ಕೆಂಧೂಳು ಶ್ವಾಸಕೋಶದ ತಳ ಮುಟ್ಟುವುದು ಕಡಿಮೆ. ಮೂಗು, ಗಂಟಲಲ್ಲೇ ಸಿಕ್ಕಿಬಿದ್ದು ಸಿಂಬಳ, ಕಫದ ಜೊತೆ ಹೋಗುತ್ತದೆ. ಗಾಳಿಗೂಡಿನವರೆಗೆ, ಅಂದರೆ ಶ್ವಾಸಕೋಶದ ತುದಿಯ ಪುಟ್ಟ ಗಾಳಿಚೀಲದವರೆಗೆ (ಆಲ್ವಿಯೋಲೈ), ಇಳಿಯುವುದು ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದ ಕೆಲವೇ ಮೈಕ್ರಾನ್‌ (ಮಿ.ಮೀ.ನ ಸಾವಿರದ ಒಂದು ಪಾಲು) ಪುಡಿ. ಹಾಗಾಗಿ ಇಲ್ಲಿ ಕಣ್ಣಳತೆ ನಡೆಯದು.

ಧೂಳು ಹಿಡಿಯುವುದು. ಕೆಲಸಗಾರನ ಕಾಲರಿಗೆ, ಮೂಗಿನಿಂದ 30 ಸೆಂ.ಮೀ. ಒಳಗೆ, ಎರಡು ಸಾಧನ ಬೇಕು. ಒಂದು, ನಿಮಿಷಕ್ಕೆ 2 ಲೀಟರ್ ಎಳೆಯುವ ಎಂಟು ಹಂತದ ಇಂಪ್ಯಾಕ್ಟರ್, ಅಂದರೆ ಗಾತ್ರಕ್ಕೆ ತಕ್ಕಂತೆ ಕಣಗಳನ್ನು ಬೇರೆಬೇರೆ ತಟ್ಟೆಯ ಮೇಲೆ ಹಿಡಿಯುವ ಸಾಧನ. ಕಣಗಳ ಗಾತ್ರ ತಿಳಿಯಲು. ಇನ್ನೊಂದು, ನಿಮಿಷಕ್ಕೆ 1.7 ಲೀಟರ್ ಎಳೆಯುವ 10 ಮಿ.ಮೀ. ನೈಲಾನ್ ಸೈಕ್ಲೋನ್. ಇದು ಗಾಳಿಯನ್ನು ಸುತ್ತಿಸಿ ದಪ್ಪ ಪುಡಿಯನ್ನು ಕೆಳಗೆ ಬೀಳಿಸಿ, ಸಣ್ಣದನ್ನು ಮಾತ್ರ ಫಿಲ್ಟರ್‌ಗೆ ಬಿಡುತ್ತದೆ; ಬೆಣಚು (ಕ್ವಾರ್ಟ್ಜ್) ಎಷ್ಟಿದೆ ಎಂದು ನೋಡಲು. ಪಾಳಿ ಮುಗಿದು ಬಿಚ್ಚುವಾಗ ಸೈಕ್ಲೋನನ್ನು ತಲೆಕೆಳಗು ಮಾಡಿದರೆ ಕೆಳಗಿನ ಬಟ್ಟಲಿನ ದಪ್ಪ ಪುಡಿ ಫಿಲ್ಟರ್‌ ಮೇಲೆ ಸುರಿಯುತ್ತದೆ. ಆ ಸ್ಯಾಂಪಲ್ ಎಸೆಯಬೇಕು, ಬೇರೆ ದಾರಿಯಿಲ್ಲ. ಇಂಪ್ಯಾಕ್ಟರ್ ತಟ್ಟೆಗಳಿಗೆ ಗ್ರೀಸ್ ಸವರದಿದ್ದರೆ ಒಣ ಅದಿರಿನ ಕಣ ಪುಟಿದು ಕೆಳಹಂತಕ್ಕೆ ಹಾರುತ್ತದೆ. ಧೂಳು ಇರುವುದಕ್ಕಿಂತ ಸಣ್ಣದೆಂದು ತೋರಿ, ಲೆಕ್ಕ ಆಳಕ್ಕೆ ಜಾರುತ್ತದೆ.

ಗಾತ್ರ. ಎಲ್ಲರೂ ಎಡವುವ ಜಾಗವಿದು. ಧೂಳು ಎಲ್ಲಿ ಎಷ್ಟು ಕೂರುತ್ತದೆಂದು ಲೆಕ್ಕ ಹಾಕುವ ಗಣಿತದ ಮಾದರಿಗೆ ಬೇಕಾದ್ದು ವಾಯುಚಲನ ವ್ಯಾಸ, ಅಂದರೆ ಗಾಳಿಯಲ್ಲಿ ಕಣ ನಡೆದುಕೊಳ್ಳುವ ಗಾತ್ರ: ನಿಜವಾದ ವ್ಯಾಸವನ್ನು ಸಾಂದ್ರತೆಯ ವರ್ಗಮೂಲದಿಂದ ಗುಣಿಸಿದ್ದು. ಕಬ್ಬಿಣದ ಅದಿರು ಹೆಮಟೈಟ್‌ನ ಸಾಂದ್ರತೆ (ನೀರಿಗೆ ಹೋಲಿಸಿ) 5.2, ವರ್ಗಮೂಲ 2.28. ಕುಷ್ಟಗಿ ಕಡೆಯ ಗ್ರಾನೈಟ್‌ನಲ್ಲಿರುವ, ಹಟ್ಟಿಯ ಚಿನ್ನದ ಬಂಡೆಯಲ್ಲೂ ಸಿಗುವ ಬೆಣಚಿನದು 2.65, ವರ್ಗಮೂಲ 1.63. ಅಂದರೆ 2 ಮೈಕ್ರಾನ್ ಅದಿರು ಕಣ ಗಾಳಿಯಲ್ಲಿ 4.6 ಮೈಕ್ರಾನ್ ಕಣದ ಹಾಗೆ, ಅಷ್ಟೇ ಗಾತ್ರದ ಬೆಣಚು 3.3ರ ಹಾಗೆ ನಡೆದುಕೊಳ್ಳುತ್ತದೆ. ಸೂಕ್ಷ್ಮದರ್ಶಕದ ಅಳತೆಯಾದರೆ ಹೀಗೆ ಗುಣಿಸಿ. ಇಂಪ್ಯಾಕ್ಟರ್ ಕೊಡುವ ಸಂಖ್ಯೆಯಲ್ಲಿ ಸಾಂದ್ರತೆ ಆಗಲೇ ಸೇರಿದೆ. ಮತ್ತೆ ಗುಣಿಸಿದರೆ ಒಂದೇ ಧೂಳನ್ನು ಎರಡು ಸಲ ತೂಗಿದಂತೆ.

ಉಸಿರು. ಈ ಲೆಕ್ಕ ಹಾಕಿಕೊಡುವ ಎಂಪಿಪಿಡಿ (MPPD) ತಂತ್ರಾಂಶ ತೆರೆದಾಗ ತಾನಾಗಿ ಕಾಣುವುದು ಉಸಿರಿಗೆ 625 ಮಿ.ಲೀ., ನಿಮಿಷಕ್ಕೆ 12 ಉಸಿರು. ಕಟ್ಟೆ ಮೇಲೆ ಕೂತವನ ಉಸಿರದು. ಕೆಲಸ ಮಾಡುವವನಿಗೆ ಗಂಟೆಗೆ 1.2 ಘನ ಮೀಟರ್, ಅಂದರೆ 8 ಗಂಟೆಗೆ 9.6 ಹಾಕಿ. ಸಲಿಕೆ ಹಿಡಿದವನು ನಿಮಿಷಕ್ಕೆ 35 ಲೀಟರ್ ದಾಟಿದರೆ ಸಾಮಾನ್ಯವಾಗಿ ಬಾಯಲ್ಲೂ ಉಸಿರಾಡುತ್ತಾನೆ. ಮೂಗಿನ ಜರಡಿ ತಪ್ಪುತ್ತದೆ, ತಂತ್ರಾಂಶದಲ್ಲಿ ಉಸಿರಾಟದ ಆಯ್ಕೆಯೂ ಬದಲಾಗಬೇಕು.

ಕೂರುವುದು. ದೊಡ್ಡ ಕಣ ಕವಲುಗಳಲ್ಲಿ ತಿರುಗಲಾರದೆ ಗೋಡೆಗೆ ಬಡಿಯುತ್ತದೆ. ಒಳಗೆ ಗಾಳಿ ನಿಧಾನವಾದಲ್ಲಿ ತೂಕದ ಆಟ: ವಾಯುಚಲನ ವ್ಯಾಸ 3 ಮೈಕ್ರಾನ್ ಇರುವ ಕಣ ಸೆಕೆಂಡಿಗೆ ಸುಮಾರು 0.28 ಮಿ.ಮೀ. ಇಳಿಯುತ್ತದೆ, ಗಾಳಿಗೂಡಿನ ಅಗಲವೇ 0.2ರಿಂದ 0.3 ಮಿ.ಮೀ. ಒಂದು ಉಸಿರು ಮುಗಿಯುವಷ್ಟರಲ್ಲಿ ತಳ ಸೇರಿರುತ್ತದೆ.

ತಾಳೆ ನೋಡುವುದು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಮಾದರಿಯಲ್ಲಿ, ಮೂಗಿನಿಂದ ಉಸಿರಾಡುವ ಕೆಲಸಗಾರನಿಗೆ, 5 ಮೈಕ್ರಾನ್ ಮಧ್ಯಗಾತ್ರದ ಧೂಳಿನಲ್ಲಿ ಸುಮಾರು 82% ದೇಹದಲ್ಲಿ ಉಳಿಯುತ್ತದೆ, ಗಾಳಿಗೂಡಿಗೆ 5.3% ಮಾತ್ರ. ಘನ ಮೀಟರಿಗೆ 4 ಮಿ.ಗ್ರಾಂ. ಇದ್ದರೆ ಒಂದು ಪಾಳಿಗೆ 4×9.6×0.053, ಸುಮಾರು 2 ಮಿ.ಗ್ರಾಂ. ಇಂಥದೇ ಧೂಳಿಗೆ ನಿಮ್ಮ ಉತ್ತರ 20 ಬಂದರೆ ಸಾಂದ್ರತೆ ಅಥವಾ ಅಳತೆಯ ಏಕಮಾನ ತಪ್ಪಿದೆ.

ಶ್ವಾಸನಾಳದ ಧೂಳು ಒಂದೆರಡು ದಿನದಲ್ಲಿ ಬಹುಪಾಲು ಕಫದೊಡನೆ ಮೇಲೇರುತ್ತದೆ. ಗಾಳಿಗೂಡಿನದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೂರುತ್ತದೆ. ಕಬ್ಬಿಣದ ಪುಡಿ ಎಕ್ಸ್‌ರೇಯಲ್ಲಿ ಚುಕ್ಕೆಯಾಗಿ ಕಂಡರೂ ಅಷ್ಟಾಗಿ ಗಾಯ ಮಾಡುವುದಿಲ್ಲ. ಬೆಣಚು ತನ್ನನ್ನು ನುಂಗಿದ ಕೋಶವನ್ನೇ ಕೊಂದು, ಶ್ವಾಸಕೋಶ ಗಾಯಗಟ್ಟುವ ಸಿಲಿಕೋಸಿಸ್ ರೋಗ ತರುತ್ತದೆ. ಆದ್ದರಿಂದ ಆ 2 ಮಿ.ಗ್ರಾಂನಲ್ಲಿ ಬೆಣಚಿನ ಪಾಲೆಷ್ಟು ಎಂದು ಬೇರೆಯಾಗಿ ಬರೆಯಿರಿ. ಅದಕ್ಕೆ ನೆಲ ಗುಡಿಸಿದ ಪುಡಿ ಬೇಡ, ಸೈಕ್ಲೋನ್ ಫಿಲ್ಟರನ್ನೇ, ಎಕ್ಸ್‌ರೇ ಹಾಯಿಸಿ ಖನಿಜ ಗುರುತಿಸುವ ಎಕ್ಸ್‌ರೇ ಡಿಫ್ರ್ಯಾಕ್ಷನ್‌ ಪರೀಕ್ಷೆಗೆ ಕಳಿಸಿ.