ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆಗೆ ಸುರಕ್ಷಿತವಾಗಿ ಇಡುವ ಕ್ರಮ

ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ನಮ್ಮ ಅನೇಕ ಮನೆಗಳ ರೂಢಿ. ಅನ್ನವನ್ನು ಚೆಲ್ಲಬಾರದೆಂಬ ಈ ಎಚ್ಚರ ಮೆಚ್ಚತಕ್ಕದ್ದೇ. ಆದರೆ ಬಾಣಲೆಯ ಬಿಸಿಗೆ ಎಲ್ಲ ದೋಷವೂ ಹೋಗುತ್ತದೆಂಬ ನಂಬಿಕೆ ಸರಿಯಲ್ಲ. ಶಾಖಕ್ಕೆ ಬ್ಯಾಕ್ಟೀರಿಯಾ ಸತ್ತರೂ, ಅದು ಅಷ್ಟರೊಳಗೆ ಆಹಾರದಲ್ಲಿ ಬಿಟ್ಟಿರುವ ವಿಷ ಹಾಗೆಯೇ ಉಳಿಯಬಹುದು.

ಅನ್ನದ ವಿಷಯದಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಬ್ಯಾಸಿಲಸ್ ಸೀರಿಯಸ್ ಎಂಬ, ಮಣ್ಣಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಅಕ್ಕಿಯೊಂದಿಗೆ ಬರುವ ಇದರ ಬೀಜಕಗಳು ಗಟ್ಟಿ ಕವಚದ ಬಲದಿಂದ ಕುದಿಯುವ ನೀರಿನಲ್ಲೂ ಬದುಕುಳಿದು, ಬೆಂದ ಅನ್ನ ಉಗುರುಬೆಚ್ಚಗಾದಾಗ ಮೊಳೆತು ವೇಗವಾಗಿ ವೃದ್ಧಿಯಾಗುತ್ತವೆ. ಕೆಲವು ತಳಿಗಳು ಆ ಸಮಯದಲ್ಲಿ ಸೆರ್ಯುಲೈಡ್ ಎಂಬ ವಿಷವನ್ನು ತಯಾರಿಸುತ್ತವೆ. 121 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ತಡೆದುಕೊಳ್ಳುವ ಈ ವಿಷ ಹುಳಿಗೂ ಬಗ್ಗುವುದಿಲ್ಲವಾದ್ದರಿಂದ, ನಿಂಬೆರಸ ಹಿಂಡಿದ ಮಾತ್ರಕ್ಕೆ ಅಪಾಯ ತಪ್ಪದು. ತಿಂದ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಬಹುಪಾಲು ಜನ ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತಾರೆ. ಅಪರೂಪಕ್ಕೆ ಯಕೃತ್ತು ವಿಫಲವಾದ ಪ್ರಕರಣಗಳೂ ಉಂಟು. ಇದೇ ಬ್ಯಾಕ್ಟೀರಿಯಾದ ಇನ್ನೊಂದು ಬಗೆಯ ವಿಷ ಕರುಳಿನೊಳಗೆ ಹುಟ್ಟಿ, ಹೊಟ್ಟೆನೋವು ಮತ್ತು ಭೇದಿಯನ್ನು ತರುತ್ತದೆ.

ಆದ್ದರಿಂದ ಜಾಗ್ರತೆ ರಾತ್ರಿ ಊಟ ಮುಗಿದ ಕೂಡಲೇ ಆರಂಭವಾಗಬೇಕು. ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುವುದು 5ರಿಂದ 60 ಡಿಗ್ರಿಯ ನಡುವೆ. ಅನ್ನ ಈ ವಲಯದಲ್ಲಿ ಇರುವ ಹೊತ್ತನ್ನು ಕಡಿಮೆ ಮಾಡುವುದೇ ಇಲ್ಲಿನ ಗುರಿ. ಕುಕ್ಕರಿನಲ್ಲಿಯೇ ಬಿಟ್ಟ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಬೆ ಆರಿದ ಮೇಲೆ ಡಬ್ಬಿಗೆ ತುಂಬಿ, ಬೆಂದ 2 ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು. ರಾಯಚೂರು, ಕಲಬುರಗಿಗಳ ಬೇಸಿಗೆಯಂತಹ ಸೆಕೆಯಲ್ಲಿ ಒಂದೇ ಗಂಟೆಯ ಮಿತಿ ಇಟ್ಟುಕೊಳ್ಳುವುದು ಲೇಸು. ಕರೆಂಟು ಹೋದಾಗ ಬಾಗಿಲು ತೆರೆಯದ ಫ್ರಿಜ್ಜು ಸುಮಾರು 4 ಗಂಟೆ ತಂಪನ್ನು ಕಾಪಾಡುತ್ತದೆ. ಹಾಟ್ ಬಾಕ್ಸನ್ನು ರಾತ್ರಿಯಿಡೀ ನಂಬಬಾರದು, ಏಕೆಂದರೆ ಅದರೊಳಗಿನ ಅನ್ನ ನಿಧಾನವಾಗಿ ಆರುತ್ತಾ ಅಪಾಯದ ವಲಯದಲ್ಲಿಯೇ ಬಹಳ ಹೊತ್ತು ಕಳೆಯುತ್ತದೆ. ಫ್ರಿಜ್ಜಿಲ್ಲದ ಮನೆಯಲ್ಲಿ ಅಂದಂದಿಗೆ ಬೇಕಾದಷ್ಟೇ ಅಕ್ಕಿ ಹಾಕುವುದು ಉತ್ತಮ.

ಬೆಳಿಗ್ಗೆ ಬೇಕಾದಷ್ಟನ್ನೇ ತೆಗೆದು, ಎಲ್ಲೆಡೆ ಹಬೆಯಾಡುವಂತೆ ಬಿಸಿ ಮಾಡಿ, ಆಗಲೇ ತಿನ್ನಬೇಕು. ಮತ್ತೊಮ್ಮೆ ಬಿಸಿ ಮಾಡಲು ಎತ್ತಿಡಬಾರದು. ವಾಸನೆ ಮತ್ತು ರುಚಿಗಳು ವಿಷವನ್ನು ತೋರಿಸಿಕೊಡುವುದಿಲ್ಲ. ರಾತ್ರಿಯಿಡೀ ಹೊರಗಿದ್ದ ಅನ್ನ ಘಮಘಮಿಸುತ್ತಿದ್ದರೂ ಚಿತ್ರಾನ್ನಕ್ಕೆ ಬಳಸದಿರುವುದೇ ಕ್ಷೇಮ.

ಕೈಯಿಂದ ಕಲಸುವಾಗ ಇನ್ನೊಂದು ಎಚ್ಚರಿಕೆ ಬೇಕು. ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ಕೀವಾದ ಗಾಯಗಳಲ್ಲಿ ಇರುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಕೂಡ ಕುದಿತಕ್ಕೆ ಜಗ್ಗದ ವಿಷವನ್ನು ಆಹಾರದಲ್ಲಿ ಬಿಡುತ್ತದೆ. ಸೋಪಿನಿಂದ ಕೈ ತೊಳೆದು ಸೌಟಿನಿಂದ ಕಲಸಬೇಕು; ಬೆರಳಲ್ಲಿ ಗಾಯವಿದ್ದವರು ಅಂದು ಅಡುಗೆಯಿಂದ ದೂರ ಉಳಿಯಬೇಕು.

ಇಷ್ಟಾದರೂ ವಾಂತಿಭೇದಿ ಕಾಣಿಸಿಕೊಂಡರೆ, ನೀರಿನಂಶ ಕಳೆಯದಂತೆ ನೋಡಿಕೊಳ್ಳುವುದೇ ಮೊದಲ ಚಿಕಿತ್ಸೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪನ್ನು ಅಳತೆ ತಪ್ಪದಂತೆ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಮಗು ಕುಡಿದದ್ದನ್ನು ವಾಂತಿ ಮಾಡಿದರೆ 10 ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಬೇಕು. ಆಹಾರದಲ್ಲಿ ಮೊದಲೇ ಹುಟ್ಟಿದ ವಿಷದ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲವಾದ್ದರಿಂದ, ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ವ್ಯರ್ಥ. ಮಲದಲ್ಲಿ ರಕ್ತ, ತೀವ್ರ ಜ್ವರ, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಮಂಪರು, ನಿಲ್ಲದ ವಾಂತಿ, ಇವುಗಳಲ್ಲಿ ಯಾವುದೇ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪುಟ್ಟ ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರ ವಿಷಯದಲ್ಲಿ ಇಂತಹ ಲಕ್ಷಣಗಳಿಗೆ ಕಾಯಲೂಬಾರದು. ಏನನ್ನು, ಎಷ್ಟು ಹೊತ್ತಿಗೆ ತಿಂದಿರಿ, ಜೊತೆಗೆ ಉಂಡ ಯಾರಿಗೆಲ್ಲ ಹೀಗಾಗಿದೆ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಕಾರಣವನ್ನು ಊಹಿಸಲು ಅವರಿಗೆ ಆ ಸಮಯದ ಲೆಕ್ಕವೇ ಮುಖ್ಯ ಸುಳಿವಾಗುತ್ತದೆ.