ಕೆಂಪು ಪೆನ್ನು ಕಿಸೆಯಲ್ಲೇ ಇರಲಿ: ಗೋಡೆ ಪತ್ರಿಕೆ ಮಾಡಿಸಿದ ನನ್ನ ಅನುಭವ

ಯಾದಗಿರಿ ಜಿಲ್ಲೆಯ ಹಳ್ಳಿ ಪ್ರೌಢಶಾಲೆಗಳಲ್ಲಿ ಗೋಡೆ ಪತ್ರಿಕೆಯ ಮೊದಲ ಸಂಚಿಕೆಗೆ ಬರುವ ಬರಹಗಳೆಲ್ಲ ಒಂದೇ ಅಚ್ಚಿನವು. ‘ನೀರು ಜೀವಜಲ. ನಮ್ಮ ಊರಿನಲ್ಲಿ ನೀರಿನ ಸಮಸ್ಯೆ ಇದೆ. ಸಂಬಂಧಪಟ್ಟವರು ಗಮನ ಹರಿಸಬೇಕು.’ ಇದು ಸುದ್ದಿಯಲ್ಲ, ಪರೀಕ್ಷೆಯ ಪ್ರಬಂಧ. ಮಕ್ಕಳದೇನೂ ತಪ್ಪಿಲ್ಲ, ನಾವು ಕಲಿಸಿದ್ದೇ ಅದು. ಇದರ ಮೇಲೆ ಕಾಗುಣಿತ ತಿದ್ದಲು ಕೂತರೆ ಪ್ರಬಂಧ ಇನ್ನಷ್ಟು ಶುದ್ಧವಾಗುತ್ತದೆ, ಅಷ್ಟೇ.

ಅದಕ್ಕೇ ಶಿಕ್ಷಕರಿಗೆ ನಾನು ಹಾಕುವ ಮೊದಲ ಕಟ್ಟಳೆ: ಮೊದಲ ಎರಡು ಕರಡಿನಲ್ಲಿ ಒಂದಕ್ಷರವನ್ನೂ ತಿದ್ದಬೇಡಿ. ಅಂಚಿನಲ್ಲಿ ಪ್ರಶ್ನೆ ಮಾತ್ರ ಬರೆಯಿರಿ. ಯಾವ ಓಣಿ? ಎಷ್ಟು ದಿನಕ್ಕೊಮ್ಮೆ ನಳ ಬರುತ್ತದೆ? ನೀನು ಕಂಡಿದ್ದೋ, ಯಾರೋ ಹೇಳಿದ್ದೋ? ಎರಡನೆಯ ಕಟ್ಟಳೆ ಮಕ್ಕಳಿಗೆ: ವರದಿಯಲ್ಲಿ ‘ಬೇಕು’ ಎಂಬ ಪದ ಬರಕೂಡದು, ಬೇರೆಯವರು ಆಡಿದ ಮಾತಿನೊಳಗೆ ಬಂದರೆ ಸರಿ. ಇದೊಂದರಿಂದಲೇ ಅರ್ಧ ಉಪದೇಶ ಉದುರಿ ಹೋಗುತ್ತದೆ.

ತಂಡಕ್ಕೆ ಎಂಟು ಮತ್ತು ಒಂಬತ್ತನೆಯ ತರಗತಿಯಿಂದ 12 ಮಕ್ಕಳು ಸಾಕು. ಹತ್ತನೆಯವರು ಬೇಡ, ಎಸ್ಸೆಸ್ಸೆಲ್ಸಿ ಹತ್ತಿರವಾದಂತೆ ಕೈಬಿಡುತ್ತಾರೆ. ಮೂರು ಮೂರು ಜನರ ನಾಲ್ಕು ಗುಂಪು ಮಾಡಿ. ಇಬ್ಬರದು ಬೇಡ ಅನ್ನುವುದಕ್ಕೆ ಕಾರಣವಿದೆ: ದಸರಾ ಆದಮೇಲೆ ತಾಂಡಾದ ಕೆಲವು ಮನೆಗಳು ಮುಂಬೈ, ಪುಣೆ ಕಡೆ ದುಡಿಯಲು ಹೊರಡುತ್ತವೆ. ಗುಂಪಿನಲ್ಲಿ ಒಬ್ಬರು ಹೋದರೂ ಕೆಲಸ ನಿಲ್ಲಬಾರದು. ಹದಿನೈದು ದಿನಕ್ಕೊಂದು ಸಂಚಿಕೆ, ಕೂಡುವುದು ಶನಿವಾರ ಮುಂಜಾನೆಯ ಶಾಲೆ ಮುಗಿದ ಮೇಲೆ ಒಂದು ತಾಸು.

ಮೊದಲ ವಿಷಯ ಅಳೆಯಲು, ಎಣಿಸಲು ಬರುವಂಥದ್ದಿರಲಿ. ಬಸ್ ಬೋರ್ಡಿನಲ್ಲಿ ಬರೆದ ಸಮಯ ಒಂದು ಕಡೆ, ಬಸ್ ನಿಜಕ್ಕೂ ಬಂದ ಸಮಯ ಇನ್ನೊಂದು ಕಡೆ, ಹತ್ತು ದಿನ ಬರೆದಿಟ್ಟರೆ ಸುದ್ದಿ ತಾನೇ ಎದ್ದು ಕೂರುತ್ತದೆ. ಬೋರಿಂಗಿನ ನೀರಾದರೆ 15 ಲೀಟರಿನ ಕೊಡ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. 50 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 18 ಲೀಟರ್. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಒಂದೇ ಸಲದ ಲೆಕ್ಕ ಹಿಡಿದರೆ, ಪಂಪು ಹೊಡೆದವನ ರಟ್ಟೆಬಲವೇ ಸುದ್ದಿಯಾದೀತು! ಕೊಡದ ಅಳತೆಯನ್ನೂ ಲೀಟರ್ ಬಾಟಲಿಯಿಂದ ಮೊದಲೇ ಖಾತ್ರಿ ಮಾಡಿಕೊಳ್ಳಿ, ಅಂಗಡಿಯವರು ಹೇಳಿದ ಲೆಕ್ಕ ನೆಚ್ಚಬೇಡಿ.

ಮಾತಾಡಿಸುವ ಕೆಲಸದಲ್ಲಿ ಎಡವುವುದು ಭಾಷೆಯ ಹತ್ತಿರ. ಗುರುಮಠಕಲ್ ಕಡೆ ತೆಲುಗು, ಪೇಟೆಯಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ. ಹುಡುಗಿ ಅಜ್ಜಿಯನ್ನು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಅಜ್ಜಿ ‘ಎಲ್ಲಾ ಛಲೋ ಅದವ್ವಾ’ ಅಂದು ಮಾತು ಮುಗಿಸುತ್ತಾಳೆ. ಕೇಳುವುದು ಮನೆ ಮಾತಿನಲ್ಲೇ ಇರಲಿ, ಬರೆದುಕೊಳ್ಳುವುದೂ ಅದರಲ್ಲೇ. ಲಂಬಾಣಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಆಮೇಲೆ ಕನ್ನಡಕ್ಕೆ ತರಲಿ. ಊರ ಕನ್ನಡದಲ್ಲಿ ಆಡಿದ ಮಾತನ್ನಂತೂ ಹಾಗೇ ಬಿಡಿ. ‘ನಳ ಬಂದು ನಾಕ ದಿನ ಆತಪ್ಪ’ ಎಂಬುದನ್ನು ‘ನಲ್ಲಿ ನೀರು ಬಂದು ನಾಲ್ಕು ದಿನಗಳಾದವು’ ಎಂದು ತಿದ್ದುವ ಶಿಕ್ಷಕರು ಬಹಳ ಮಂದಿ. ಮಾತಾಡಿದವರು ಗೋಡೆಯ ಮುಂದೆ ನಿಂತು ಓದಿದಾಗ, ಇದು ನನ್ನ ಮಾತಲ್ಲ ಅನ್ನುತ್ತಾರೆ, ನ್ಯಾಯವಾಗಿಯೇ. ಮೊಬೈಲಿನಲ್ಲಿ ದಾಖಲಿಸುವುದಾದರೆ ಅನುಮತಿ ಕೇಳಿ, ಫ್ಯಾನ್ ಆರಿಸಿ, ಫೋನು ಬಾಯಿಯಿಂದ ಒಂದು ಗೇಣಿಗಿಂತ ದೂರ ಬೇಡ.

ಹಾಳೆಯ ಲೆಕ್ಕ ಗೊತ್ತಿರದೆ ಕೊನೆಯ ದಿನ ಒದ್ದಾಡುವವರೇ ಹೆಚ್ಚು. 22×30 ಇಂಚಿನ ಡ್ರಾಯಿಂಗ್ ಶೀಟನ್ನು ನಿಲುವಾಗಿ ಇಟ್ಟು ಮೂರು ಅಂಕಣ ಮಾಡಿದರೆ ಒಂದೊಂದು ಸುಮಾರು 17 ಸೆಂಟಿಮೀಟರ್. ನಿಂತು ಓದಲು ಅಕ್ಷರದ ಎತ್ತರ ಒಂದು ಸೆಂಟಿಮೀಟರಾದರೂ ಬೇಕು, ಸಾಲಿನಿಂದ ಸಾಲಿಗೆ ಎರಡು. ಅಷ್ಟು ಬಿಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಈ ಲೆಕ್ಕದಲ್ಲಿ ಸಾಲಿಗೆ ಮೂರು ಪದ, ಇಡೀ ಹಾಳೆಗೆ ಸುಮಾರು 300 ಪದ. ಚಿತ್ರಕ್ಕೆ ಜಾಗ ಬಿಟ್ಟರೆ ಮುಖ್ಯ ಸುದ್ದಿಗೆ 100, ಉಳಿದ ಮೂರಕ್ಕೆ ತಲಾ 40. ಇಷ್ಟೇ ಜಾಗ ಅಂತ ಗೊತ್ತಾದಾಗ ‘ನೀರು ಜೀವಜಲ’ವನ್ನು ಮಕ್ಕಳೇ ಹೊಡೆದು ಹಾಕುತ್ತಾರೆ. ಮೈದಾ ಅಂಟು ಬೇಡ, ಇಲಿ ತಿನ್ನುತ್ತದೆ. ಇಲ್ಲಿನ ಬಿಸಿಲಿಗೆ ಟೇಪೂ ನಿಲ್ಲುವುದಿಲ್ಲ. ಸುತಳಿ ಕಟ್ಟಿ ಕ್ಲಿಪ್ ಹಾಕಿ ತೂಗುಹಾಕಿ, ಬಿಸಿಲು ಬೀಳದ ಕಡೆ.

ಒಂದು ವಿಷಯದಲ್ಲಿ ಮಾತ್ರ ಶಿಕ್ಷಕರು ಪ್ರಶ್ನೆ ಕೇಳುತ್ತ ಕೂರದೆ ಕೂಡಲೇ ಬರಹವನ್ನು ತಡೆಯಬೇಕು. ಬಾಲ್ಯವಿವಾಹ, ದೌರ್ಜನ್ಯ, ಮನೆಬಿಟ್ಟ ಮಗು ಇಂಥ ಸಂಗತಿ ಬಂದರೆ ಅದು ಗೋಡೆಗೆ ಹೋಗುವ ಸುದ್ದಿಯಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಹೋಗುವ ಫೋನು. ಇಂಥ ಮಗುವಿನ ಹೆಸರು, ಊರು, ಶಾಲೆ ಹೊರಗೆ ಬಿಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ. ಹೆಸರು ಬಿಟ್ಟರೂ ‘ತಾಂಡಾದ ಒಂಬತ್ತನೆಯ ತರಗತಿಯ ಹುಡುಗಿ’ ಅಂದರೆ ಸಣ್ಣ ಊರಲ್ಲಿ ಎಲ್ಲರಿಗೂ ಯಾರೆಂದು ತಿಳಿಯುತ್ತದೆ.

ಹಾಳೆಯ ಎಡ ಮೂಲೆಯಲ್ಲಿ ನಾಲ್ಕು ಬೆರಳಗಲ ಜಾಗ ‘ತಿದ್ದುಪಡಿ’ಗೆ ಮೀಸಲಿಡಿ, ಹಿಂದಿನ ಸಂಚಿಕೆಯಲ್ಲಿ ತಪ್ಪಿದ ಹೆಸರು, ಅಂಕಿ ಅಲ್ಲಿ ಬರಲಿ. ಅದನ್ನು ಬರೆಯುವವರು ತಪ್ಪು ಮಾಡಿದ ಗುಂಪಿನವರೇ.