ಟೋಟಲ್ ಲಾಸ್ ಆದ ಕಾರಿಗೆ ಪೂರ್ತಿ ಐಡಿವಿ ವಸೂಲಿ ಮಾಡಿದ್ದು

ಗಾಡಿ ಟೋಟಲ್ ಲಾಸ್ ಆದಾಗ ಇನ್ಶೂರೆನ್ಸ್‌ನವರ ಹತ್ತಿರ ಮಾರ್ಕೆಟ್ ರೇಟಿನ ಚರ್ಚೆಗೆ ಕೂರಲೇಬೇಡಿ. ನಮ್ಮ ಭಾವ "ಇದೇ ಮಾಡೆಲ್ ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಹೋಗ್ತಿದೆ ನೋಡು, ಪ್ರಿಂಟ್ ತೆಗೆದಿಟ್ಕೋ" ಅಂದರು. ನಾನು ತೆಗೆಯಲಿಲ್ಲ. ನಾವು ಪ್ರಿಂಟ್ ಇಟ್ಟರೆ ಅವರು ಅದಕ್ಕಿಂತ ಕಡಿಮೆಯದೊಂದು ಪ್ರಿಂಟ್ ಇಡುತ್ತಾರೆ, ಅಷ್ಟೇ. ಬೆಲೆ ಆಗಲೇ ಪಾಲಿಸಿಯಲ್ಲಿ ಐಡಿವಿ, ಅಂದರೆ ವಿಮೆಗೆ ಘೋಷಿಸಿದ ಗಾಡಿಯ ಬೆಲೆ, ಅಂತ ಅಚ್ಚಾಗಿದೆ. ಅದರ ಮೇಲೇ ಅಲ್ವಾ ನಮ್ಮಿಂದ ಪ್ರೀಮಿಯಂ ಕಟ್ಟಿಸಿಕೊಂಡಿದ್ದು?

ಶಿರಾ ಹತ್ತಿರ ಹೈವೇಯಲ್ಲಿ ರಾತ್ರಿ ಲೈಟಿಲ್ಲದೆ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿದ್ದು. ಏರ್‌ಬ್ಯಾಗ್ ಪುಣ್ಯ, ನಮಗೆ ತರಚು ಗಾಯ ಅಷ್ಟೇ. ಕಾರಿನ ಮುಂಭಾಗ ಮಾತ್ರ ಗೇರ್‌ಬಾಕ್ಸ್ ತನಕ ಒಳಗೆ ಹೋಗಿತ್ತು. ಶೋರೂಂನವರ ಎಸ್ಟಿಮೇಟ್ 5,40,000 ರೂಪಾಯಿ. ನನ್ನ ಐಡಿವಿ 6,16,000. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ, ಅಂದರೆ ನನ್ನ ಲೆಕ್ಕದಲ್ಲಿ 4,62,000 ದಾಟಿದರೆ, ಟೋಟಲ್ ಲಾಸ್. ಇದಕ್ಕೆ ನಷ್ಟ ಅಳೆಯಲು ಬಂದ ಸರ್ವೇಯರ್ ಕೂಡ ಒಪ್ಪಿದರು.

ಜಗಳ ಶುರುವಾಗಿದ್ದು ಆಮೇಲೆ. "ಸಾರ್, ನಿಮ್ಮ ಗಾಡಿಗೆ ಈಗ ಮೂರು ವರ್ಷ ದಾಟಿದೆ, ಡೆಪ್ರಿಸಿಯೇಷನ್ 40% ಆಗುತ್ತೆ" ಅಂದರು ಇನ್ಶೂರೆನ್ಸ್‌ನವರು. ಡೆಪ್ರಿಸಿಯೇಷನ್ ಅಂದರೆ ಗಾಡಿ ಹಳೆಯದಾದಂತೆ ಬೆಲೆಯಲ್ಲಿ ಕಳೆಯುವ ಸವಕಳಿ. ಕಾರಿನ ಲಿಸ್ಟ್ ಪ್ರೈಸ್ 8,80,000. ರಿನ್ಯೂವಲ್ ದಿನ ಅದಕ್ಕೆ ಎರಡು ದಾಟಿ ಮೂರು ತುಂಬಿರಲಿಲ್ಲ, ಹಾಗಾಗಿ 30% ಕಳೆದು 6,16,000 ಬರೆದಿದ್ದರು. ಈಗ 40% ಕಳೆದು 5,28,000 ಅಂತಾರೆ. ಅದರಲ್ಲಿ ಮತ್ತೆ ಗುಜರಿ ಬೆಲೆ ಅಂತ 1,45,000, ಕಂಪಲ್ಸರಿ ಡಿಡಕ್ಟಿಬಲ್ (ಕ್ಲೇಮಿನಲ್ಲಿ ನಾವೇ ಹೊರಬೇಕಾದ ಪಾಲು) 1,000 ಕಳೆದು, "3,82,000 ಕೊಡ್ತೀವಿ, ಗಾಡಿ ನೀವೇ ಇಟ್ಕೊಳ್ಳಿ" ಅಂದರು. ಜೊತೆಗೆ ಶೋರೂಂನವರು ದಿನಾ ಫೋನ್ ಮಾಡಿ ಪಾರ್ಕಿಂಗ್ ಚಾರ್ಜ್ ಏರ್ತಿದೆ ಅಂತ ಹೆದರಿಸೋದು ಬೇರೆ. ಬಹಳ ಜನ ಸಹಿ ಹಾಕೋದು ಈ ಹೊತ್ತಲ್ಲೇ.

ನಾನು ಫೋನಲ್ಲಿ ವಾದ ಮಾಡಲಿಲ್ಲ. "ಇದನ್ನೇ ಮೇಲ್‌ನಲ್ಲಿ ಕಳಿಸಿ ಸಾರ್, ಸರ್ವೇ ರಿಪೋರ್ಟ್ ಕಾಪಿನೂ ಕೊಡಿ" ಅಂದೆ. ಮೇಲ್ ಬಂದಾಗ 40% ಅಂತ ಇತ್ತು, ಯಾವ ನಿಯಮದ ಪ್ರಕಾರ ಅಂತ ಇರಲಿಲ್ಲ. ಆಗ ಪಾಲಿಸಿಯ ದೊಡ್ಡ ಪಿಡಿಎಫ್ ತೆರೆದೆ. ಯಾರೂ ಓದದ ಆ ಪುಟಗಳಲ್ಲೇ ಇದೆ: ಟೋಟಲ್ ಲಾಸ್ ಕ್ಲೇಮಿಗೆ ಪಾಲಿಸಿ ಅವಧಿ ಪೂರ್ತಿ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಅಂತ ಹಿಡಿಯಬೇಕು, ಮತ್ತೆ ಸವಕಳಿ ಕಳೆಯುವಂತಿಲ್ಲ. ವಾಹನ ವಿಮೆಯ ನಿಯಮಾವಳಿಯಾದ ಇಂಡಿಯನ್ ಮೋಟಾರ್ ಟಾರಿಫ್‌ನ ಜನರಲ್ ರೆಗ್ಯುಲೇಷನ್ 8 ಕೂಡ ಇದನ್ನೇ ಹೇಳುತ್ತದೆ. ಆ ಸಾಲಿಗೆ ಹಳದಿ ಬಣ್ಣ ಬಳಿದು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿದೆ. ಗುಜರಿ ನನಗೆ ಬೇಡ, ಗಾಡಿ ನೀವೇ ಎತ್ತಿಕೊಂಡು ಹೋಗಿ, 6,16,000ದಲ್ಲಿ 1,000 ಮಾತ್ರ ಕಳೆದು ಕೊಡಿ ಅಂತ ಬರೆದೆ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮೆ ದೂರು ಕೇಳಿ ತೀರ್ಮಾನ ಕೊಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗ್ತೀನಿ ಅಂತಲೂ ಸೇರಿಸಿದೆ. ಅದು ಸುಮ್ನೆ ಬೆದರಿಕೆ ಅಲ್ಲ. ಅಲ್ಲಿ ಫೀಸಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷದವರೆಗಿನ ಪರಿಹಾರಕ್ಕೆ ಆದೇಶ ಮಾಡಬಹುದು, ಕಂಪನಿ ಅದನ್ನು ಪಾಲಿಸಲೇಬೇಕು.

ಮಧ್ಯೆ ಒಬ್ಬ "5,50,000 ಮಾಡಿಸಿಕೊಡ್ತೀನಿ, ಫುಲ್ ಅಂಡ್ ಫೈನಲ್ ವೋಚರ್‌ಗೆ ಸಹಿ ಹಾಕಿ" ಅಂದ. ಇನ್ನೇನೂ ಕೇಳಲ್ಲ ಅಂತ ಒಪ್ಪಿಕೊಡುವ ಕಾಗದ ಅದು, ಹಾಕಲಿಲ್ಲ. ಕೊನೆಗೆ ಬಂದಿದ್ದು 6,15,000. ಕಾರಿನ ಮೇಲೆ ಲೋನ್ ಇದ್ದಿದ್ದರಿಂದ ಬ್ಯಾಂಕಿನ ಬಾಕಿ ಮೊದಲು ಹೋಯಿತು, ಮಿಕ್ಕಿದ್ದು ನನ್ನ ಖಾತೆಗೆ.

ಗುಜರಿ ಬೇಡ ಅಂದಿದ್ದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ಆರ್‌ಸಿ. ನಿಮ್ಮ ಹೆಸರಲ್ಲೇ ಇರುವ ಆರ್‌ಸಿ ಜೊತೆ ಗಾಡಿ ಯಾರದೋ ಕೈಗೆ ಹೋದರೆ, ಆ ಚಾಸಿ ನಂಬರ್ ನಾಳೆ ಕದ್ದ ಗಾಡಿಯ ಮೇಲೂ ಕೂರಬಹುದು. ಗಾಡಿ ಓಡಿಸಲಾಗದಂತೆ ಹಾಳಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 55 ಹೇಳುತ್ತದೆ. ನಾನು ಆರ್‌ಸಿ ರದ್ದಿಗೆ ಅರ್ಜಿ ಕೊಟ್ಟು, ಸ್ವೀಕೃತಿ ತೆಗೆದುಕೊಂಡ ಮೇಲೇ ಕೀ ಕೊಟ್ಟೆ. ಫಾಸ್ಟ್‌ಟ್ಯಾಗ್ ಅದೇ ದಿನ ಕ್ಲೋಸ್ ಮಾಡಿಸಿದೆ.